ಹತ್ತುಮೀನಿಗೆ ಎರಡು ತಿಂಗಳು

ಮೃಗಶಿರ ಮಳೆ ಎರಡು ರಾತ್ರಿ ಬಿಡದೆ ಹೊಯ್ದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಗಳ ಚಹರೆಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ತರಗೆಲೆ ಕೊಳೆತು ಕಪ್ಪಗೆ ನಿಂತಿದ್ದ ಗುಂಡಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗದ್ದೆಯ ಕೆಸರು ಕಲಸಿಕೊಂಡು ಇಳಿದ ಕೆಂಪು ನೀರು ಅವುಗಳಿಗೆ ಬಂದು ಸೇರುತ್ತದೆ. ಆ ಹೊಸ ನೀರಿನ ರುಚಿ ಸಿಕ್ಕಿದ್ದೇ ತಡ, ಗುಂಡಿಯಲ್ಲಿದ್ದ ಮೀನು ನೀರಿಗೆ ಎದುರಾಗಿ ಹೊರಡುತ್ತದೆ. ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ, ಕೆಳಗಿನ ಗದ್ದೆಯಿಂದ ಮೇಲಿನ ಗದ್ದೆಗೆ. ಗದ್ದೆಯಂಚು ದಾಟುವ ಕಡೆ ನೀರು ಎರಡು ಬೆರಳಿನಷ್ಟೂ ಇರುವುದಿಲ್ಲ. ಅಲ್ಲಿ ಮೀನು ಮಗ್ಗುಲಾಗಿ ಬಿದ್ದು, ಬೆನ್ನನ್ನು ಗಾಳಿಗೆ ಒಡ್ಡಿಕೊಂಡು, ಬಾಲದಿಂದ ಕೆಸರು ಬಡಿಯುತ್ತ ಮೇಲೇರುತ್ತದೆ. ಹೀಗೆ ಹತ್ತುವುದಕ್ಕೇ ಅದು ಹತ್ತುಮೀನು. ಯಾವುದೋ ಒಂದು ಜಾತಿಗೆ ಸೇರಿದ ಹೆಸರು ಇದಲ್ಲ. ಗೆಂಡೆ, ಕೊರವ, ಮುಗುಡು ಎಲ್ಲವೂ ವರ್ಷದ ಆ ಕೆಲವು ರಾತ್ರಿಗಳ ಮಟ್ಟಿಗೆ ಹತ್ತುಮೀನಾಗುತ್ತವೆ. ಸರಿಯಾಗಿ ಆ ರಾತ್ರಿಗಳಲ್ಲೇ ಮಲೆನಾಡಿನವರು ಕತ್ತಿ, ಕೂಣಿ, ಟಾರ್ಚು ಹಿಡಿದು ಗದ್ದೆಗಿಳಿಯುತ್ತಾರೆ. ಈ ಬೇಟೆಯನ್ನು ಬಿಡಬೇಕು, ಮೀನು ಬೇಕಾದವರು ಶರತ್ಕಾಲದವರೆಗೆ ಕಾಯಬೇಕು ಎಂಬುದೇ ನನ್ನ ವಾದ.

ಮೀನು ಗದ್ದೆಗೆ ಬರುವುದು ಬಾಣಂತನಕ್ಕೆ. ಹಳ್ಳದ ನೀರು ತಣ್ಣಗಿರುತ್ತದೆ, ರಭಸವಾಗಿ ಓಡುತ್ತದೆ. ಅಲ್ಲಿ ಮೊಟ್ಟೆ ನಿಲ್ಲುವುದಿಲ್ಲ, ನಿಂತರೂ ತಿನ್ನುವ ಬಾಯಿಗಳು ಬಹಳ. ಗದ್ದೆಯಲ್ಲಿ ನೀರು ತೆಳ್ಳಗೆ ಹರಡಿಕೊಂಡು ಬೆಚ್ಚಗಿರುತ್ತದೆ. ಕೊಟ್ಟಿಗೆ ಗೊಬ್ಬರ ಬಿದ್ದ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಹುಟ್ಟುತ್ತವೆ, ಅವೇ ಮೀನುಮರಿಯ ಮೊದಲ ಊಟ. ದೊಡ್ಡ ಮೀನು ಅಷ್ಟು ಕಡಿಮೆ ನೀರಿನಲ್ಲಿ ಹೆಚ್ಚು ದಿನ ಇರಲಾರದು, ಹಾಗಾಗಿ ಮರಿಗಳಿಗೆ ಶತ್ರುಗಳ ಕಾಟವೂ ಕಡಿಮೆ. ನಾಟಿಯಾಗಿ ಸಸಿ ಬೇರು ಬಿಟ್ಟು ತೆಂಡೆಯೊಡೆಯುವ ಹೊತ್ತಿಗೆ ಬುಡದಲ್ಲಿ ಮರಿಗಳೂ ಬೆಳೆಯುತ್ತಿರುತ್ತವೆ. ಆಶ್ವೀಜ ಬಂದು ಗದ್ದೆಯ ನೀರು ಬಸಿಯತೊಡಗಿದಾಗ ಹತ್ತಿದ ದಾರಿಯಲ್ಲೇ ಇಳಿದು ಹಳ್ಳ ಸೇರುತ್ತವೆ. ಮೀನು ಏರುವುದೂ ಇಳಿಯುವುದೂ ಭತ್ತದ ಬೇಸಾಯದ ಲೆಕ್ಕಕ್ಕೆ ಎಷ್ಟು ಹೊಂದಿಕೊಂಡಿದೆಯೆಂದರೆ ಗದ್ದೆಯನ್ನು ಮಲೆನಾಡಿನ ಹಳ್ಳಗಳ ಹೆರಿಗೆಮನೆ ಎಂದರೆ ಅತಿಶಯವಾಗುವುದಿಲ್ಲ. ಮುಗುಡಿನಂಥ ಮೀನಿಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೂ ಇದೆ. ನೀರಿಲ್ಲದ ಕಡೆಯೂ ಹುಲ್ಲಿನ ಮೇಲೆ ತೆವಳಿ ಅದು ಅಂಚು ದಾಟಬಲ್ಲದು. ಕೊರವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೊಟ್ಟೆಯಿಟ್ಟು ಹೊರಟುಹೋಗದೆ, ಕೆಂಪಗೆ ಗುಂಪುಕಟ್ಟಿ ಓಡಾಡುವ ಮರಿಗಳ ಕೆಳಗೇ ಕಾವಲಿರುತ್ತದೆ. ಆಗ ಆ ಕಾವಲಿನ ಮೀನನ್ನು ಹೊಡೆದರೆ ಇಡೀ ಗುಂಪು ಅನಾಥ.

ಈಗ ಕೂಣಿಯನ್ನು ನೋಡಿ. ಬಿದಿರನ್ನು ತೆಳ್ಳಗೆ ಸೀಳಿ, ಸೀಳುಗಳನ್ನು ಬಳ್ಳಿಯಿಂದ ಸುತ್ತು ಸುತ್ತಾಗಿ ಬಿಗಿದು ಮಾಡಿದ ಉದ್ದನೆಯ ಬುಟ್ಟಿ ಅದು. ಬಾಯಿ ಅಗಲ, ಬಾಲ ಚೂಪು. ಬಾಯೊಳಗೆ ಇನ್ನೊಂದು ಸಾಲು ಕಡ್ಡಿಗಳು ಒಳಮುಖವಾಗಿ ಚಾಚಿಕೊಂಡಿರುತ್ತವೆ. ಒಳಹೋಗುವ ಮೀನಿಗೆ ಅವು ಬಾಗಿ ದಾರಿ ಬಿಡುತ್ತವೆ, ಹಿಂದಿರುಗುವ ಮೀನಿಗೆ ಮೊನೆ ತೋರಿಸುತ್ತವೆ. ಒಂದು ಮೊಳೆ, ಒಂದು ತಂತಿ ಇಲ್ಲದೆ ಇಷ್ಟು ಚೆಂದದ ಯಂತ್ರವನ್ನು ಕಟ್ಟಿದ ಕೈಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೆ ಅದನ್ನು ಇಡುವ ಜಾಗ ಯಾವುದು? ಮೇಲಿನ ಗದ್ದೆಯ ನೀರು ಕೆಳಗೆ ಬೀಳುವ ಒಂದೇ ಒಂದು ಬಾಯಿ. ಮೀನಿಗೆ ಬೇರೆ ದಾರಿಯೇ ಇಲ್ಲ. ಕತ್ತಿಯ ಬೇಟೆಗೆ ಈ ಜಾಣತನವೂ ಬೇಡ. ಬೆಳಕು ಬಿಟ್ಟರೆ ಮೀನು ಬೆರಗಾಗಿ ನಿಲ್ಲುತ್ತದೆ, ಬೆನ್ನು ಮೇಲಿರುತ್ತದೆ, ಏಟು ತಪ್ಪುವುದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಕೂತು ಮೀನು ಹಸನುಮಾಡುವಾಗ ಹೊಟ್ಟೆಯಿಂದ ಹಳದಿ ತತ್ತಿಯ ಎರಡು ಗೊಂಚಲು ಜಾರಿ ಬರುತ್ತವೆ. ಒಂದೊಂದು ಕಾಳೂ ಗಸಗಸೆಯಷ್ಟು. ಎಷ್ಟಿರಬಹುದು? ರೋಹು ಮೀನಾದರೆ ಒಂದು ಕಿಲೋ ತೂಕಕ್ಕೆ ಸುಮಾರು 2 ಲಕ್ಷ ಮೊಟ್ಟೆ ಎಂದು ಮೀನುಮರಿ ಬೆಳೆಸುವವರು ಲೆಕ್ಕ ಹಿಡಿಯುತ್ತಾರೆ. ಹಳ್ಳದ ಮೀನು ಚಿಕ್ಕದು, ಅದರ ಲೆಕ್ಕವೂ ಚಿಕ್ಕದಿರಲಿ. ಆದರೂ ಜೂನ್ ತಿಂಗಳಲ್ಲಿ ಹಿಡಿದ ಒಂದು ಮೀನು ಮತ್ತು ಕಾರ್ತೀಕದಲ್ಲಿ ಹಿಡಿದ ಒಂದು ಮೀನು ಅಡುಗೆಮನೆಯಲ್ಲಿ ಒಂದೇ ಆದರೂ ಹಳ್ಳದ ಲೆಕ್ಕದಲ್ಲಿ ಒಂದೇ ಆಗಲಾರದು.

ಘಟ್ಟದ ಕೆಳಗೆ ಈ ಲೆಕ್ಕ ಎಲ್ಲರಿಗೂ ಗೊತ್ತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯಲ್ಲೂ ಹೊನ್ನಾವರದಲ್ಲೂ ದೋಣಿಗಳು ಸಾಲಾಗಿ ದಡ ಹಿಡಿದು ನಿಲ್ಲುತ್ತವೆ, ಬಲೆಗಳು ದುರಸ್ತಿಗೆ ಹೋಗುತ್ತವೆ. ಇದಕ್ಕೆ ಮಲೆನಾಡಿನ ಬೇಟೆಗಾರರು ಹೇಳುವ ಉತ್ತರವೂ ಸಿದ್ಧವಿದೆ: ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ದೋಣಿ ಇಳಿಸಿದರೆ ಪ್ರಾಣಕ್ಕೆ ಅಪಾಯ, ಅದಕ್ಕೇ ಆ ನಿಷೇಧ, ಮೊಣಕಾಲುದ್ದ ನೀರಿನ ಗದ್ದೆಗೆ ಅದೇಕೆ ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಜನರ ಸುರಕ್ಷತೆಯೂ ಆ ನಿಷೇಧದ ಒಂದು ಕಾರಣವೇ. ಉಳಿದ ಅರ್ಧವನ್ನು ಕಾಣಲು ಬಹಳ ದೂರ ಹೋಗಬೇಕು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಟಾಟಾಗ್ ಎಂಬ ಮೀನಿದೆ. ಕಡಲತಳದ ಬಂಡೆ ಸಂದುಗಳಲ್ಲಿ, ಮುಳುಗಿದ ಹಡಗುಗಳ ಅವಶೇಷಗಳಲ್ಲಿ ವಾಸ. ಗಟ್ಟಿ ಹಲ್ಲಿನಿಂದ ಏಡಿಯನ್ನೂ ಕಪ್ಪೆಚಿಪ್ಪನ್ನೂ ಪುಡಿಮಾಡಿ ತಿನ್ನುತ್ತದೆ. ಬಹಳ ನಿಧಾನವಾಗಿ ಬೆಳೆದು ಮೂವತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ, ಚಳಿಗೆ ಮುಂಚೆ ಅದು ಹೊಟ್ಟೆತುಂಬ ತಿಂದು ಆಳದ ನೀರಿಗೆ ಸರಿಯುವ ಹೊತ್ತಿನಲ್ಲಿ, ಜನ ಬಾಡಿಗೆಗೆ ದೋಣಿ ಹಿಡಿದು, ಗಾಳಕ್ಕೆ ಏಡಿ ಸಿಕ್ಕಿಸಿಕೊಂಡು ಅದನ್ನು ಹಿಡಿಯಲು ಹೋಗುತ್ತಾರೆ. ಅಲ್ಲಿನ ರೋಡ್ ಐಲೆಂಡ್ ರಾಜ್ಯದ ನಿಯಮದಲ್ಲಿ ಈ ಮೀನಿಗೆ 16 ಅಂಗುಲದ ಅಳತೆಯಿದೆ; ಅದಕ್ಕಿಂತ ಚಿಕ್ಕದು ಬಂದರೆ ಗಾಳದಿಂದ ಬಿಡಿಸಿ ನೀರಿಗೆ ಬಿಡಬೇಕು. ಮೀನು ಮೊಟ್ಟೆಯಿಡುವ ಕಾಲಕ್ಕೆ ಗಾಳವನ್ನೇ ಹಾಕುವಂತಿಲ್ಲ. ಆ ಕಾಲ ಯಾವುದು? ಜೂನ್ 1ರಿಂದ ಜುಲೈ 31. ನಮ್ಮ ಕರಾವಳಿಯ ಅದೇ ದಿನಗಳು. ಅಲ್ಲಿ ಜೂನ್, ಜುಲೈ ಎಂದರೆ ಮಳೆಗಾಲವಲ್ಲ, ಒಳ್ಳೆಯ ಬೇಸಿಗೆ. ಕಡಲು ಶಾಂತ, ಪ್ರವಾಸಿಗರ ಸುಗ್ಗಿ, ದೋಣಿಯವರಿಗೆ ದುಡಿಮೆಯ ಕಾಲ. ಬಿರುಗಾಳಿಯ ನೆಪ ಅಲ್ಲಿಲ್ಲ. ಆದರೂ ಆ ಎರಡು ತಿಂಗಳು ಟಾಟಾಗ್ ಹಿಡಿಯುವುದನ್ನು ನಿಲ್ಲಿಸುತ್ತಾರೆ. ಮೊಟ್ಟೆಯ ಮೀನನ್ನು ಬಿಡಬೇಕೆಂಬ ನ್ಯಾಯಕ್ಕೆ ಬೇರೆ ಯಾವ ಊರುಗೋಲೂ ಬೇಕಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದೂ ಅದೇ. ಅಜ್ಜ, ಮುತ್ತಜ್ಜನ ಕಾಲದಿಂದ ಹತ್ತುಮೀನು ಹಿಡಿದಿದ್ದಾರೆ. ಆಗ ಮುಗಿಯದ ಮೀನು ಈಗೇಕೆ ಮುಗಿದೀತು? ಅದೂ ಅಲ್ಲದೆ ಮಳೆಗಾಲ ಎಂದರೆ ಬಡವರ ಮನೆಯಲ್ಲಿ ಕಣಜ ಖಾಲಿಯಾದ ಕಾಲ, ನಾಟಿಯ ಕೆಲಸ ಮೈಮುರಿಯುವಷ್ಟು. ಆಗ ಗದ್ದೆಗೆ ತಾನಾಗಿ ಬಂದ ಮೀನು ಎಷ್ಟೋ ಕೂಲಿ ಕುಟುಂಬಗಳ ಮೈಯಲ್ಲಿ ಕಸುವು ಉಳಿಸಿತ್ತು. ಇದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರಬಾರದು. ಆದರೆ ಆ ಅಜ್ಜನ ಬೇಟೆ ಮತ್ತು ಈಗಿನದು ಹೆಸರಿನಲ್ಲಷ್ಟೇ ಒಂದು. ಅವನ ಕೈಯಲ್ಲಿದ್ದದ್ದು ದೊಂದಿ, ಮಳೆ ಜೋರಾದರೆ ಅದು ಆರಿಹೋಗುತ್ತಿತ್ತು. ತಲೆಯ ಮೇಲೆ ಕಂಬಳಿಕೊಪ್ಪೆ, ಕಾಲಲ್ಲಿ ಉಂಬಳ. ತನ್ನ ಗದ್ದೆ ಬಿಟ್ಟು ಬಹಳ ದೂರ ಹೋಗುವಂತಿರಲಿಲ್ಲ. ಈಗ ಹಣೆಗೆ ಕಟ್ಟುವ ಎಲ್‌ಇಡಿ ಬೆಳಕಿದೆ, ಊರಿಂದೂರಿಗೆ ಬೈಕಿದೆ, ಯಾವ ಹಳ್ಳದಲ್ಲಿ ಮೀನು ಹತ್ತಿತೆಂದು ಮೊಬೈಲಿನಲ್ಲಿ ಅರ್ಧ ಗಂಟೆಯೊಳಗೆ ಸುದ್ದಿ ಮುಟ್ಟುತ್ತದೆ. ಬೆರಳು ತೂರದಷ್ಟು ಸಣ್ಣ ಕಣ್ಣಿನ ನೈಲಾನ್ ಬಲೆ ಅಗ್ಗಕ್ಕೆ ಸಿಗುತ್ತದೆ. ಬ್ಯಾಟರಿಯಿಂದ ನೀರಿಗೆ ಕರೆಂಟು ಬಿಡುವ ದುಷ್ಟತನವೂ ಬಂದುಬಿಟ್ಟಿದೆ. ಅದು ತಿನ್ನುವ ಮೀನನ್ನೂ ಬೆರಳುದ್ದದ ಮರಿಯನ್ನೂ ಬೇರೆಮಾಡಿ ನೋಡುವುದಿಲ್ಲ. ಇನ್ನೊಂದು ಕಡೆ, ಹತ್ತುವುದಕ್ಕೆ ಗದ್ದೆಯೇ ಕಡಿಮೆಯಾಗುತ್ತಿದೆ. ಅಡಿಕೆಯ ಆಸೆಗೆ ಮಣ್ಣು ತುಂಬಿಸಿಕೊಂಡು ತೋಟವಾದ ಗದ್ದೆಗಳನ್ನು ಸಾಗರದಿಂದ ತೀರ್ಥಹಳ್ಳಿಯವರೆಗೆ ರಸ್ತೆಯ ಎರಡೂ ಬದಿ ನೋಡಬಹುದು. ತೋಟದ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ಮೀನು ಮೊಟ್ಟೆಯಿಡಲಾರದು. ಉಳಿದ ಗದ್ದೆಗೆ ಕಳೆನಾಶಕ ಬೀಳುತ್ತದೆ, ಹಳ್ಳಕ್ಕೆ ಅಡ್ಡಲಾಗಿ ಸಿಮೆಂಟಿನ ಒಡ್ಡು ಏಳುತ್ತದೆ. ಹೆರಿಗೆಮನೆಗಳು ಕಡಿಮೆಯಾಗಿ, ಬಾಗಿಲಲ್ಲಿ ಕಾಯುವವರು ಹೆಚ್ಚಾದರೆ ಹಳೆಯ ಪದ್ಧತಿ ಹಳೆಯದಾಗಿ ಉಳಿಯುವುದು ಹೇಗೆ?

ಸರ್ಕಾರ ವರ್ಷವರ್ಷ ಕೆರೆಗೆ, ಜಲಾಶಯಕ್ಕೆ ಮೀನುಮರಿ ಬಿಡುತ್ತದಲ್ಲ, ಹೋದದ್ದು ಅದರಲ್ಲಿ ತುಂಬಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಬಿಡುವುದು ಏನನ್ನು? ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಗಂಗೆಯ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಅವು ತಾವಾಗಿ ಸಂತಾನ ಬೆಳೆಸುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಅವುಗಳಿಂದ ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದ ಮೇಲೆಯೇ ಕೊಳದಲ್ಲಿ ಮರಿ ಮಾಡುವುದು ಸುಲಭವಾದದ್ದು. ಅದು ಕೈಗೂಡಿದ ಜುಲೈ 10ನ್ನು ಈಗಲೂ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಆ ಸಾಧನೆ ದೊಡ್ಡದು, ಅದರಿಂದ ಲಕ್ಷಾಂತರ ಜನರ ತಟ್ಟೆಗೆ ಮೀನು ಬಂದಿದೆ. ಆದರೆ ನಮ್ಮ ಹಳ್ಳದ ಬಹುಪಾಲು ಮೀನಿಗೆ ಸಾಕಣೆ ಕೇಂದ್ರಗಳು ಇಂಜೆಕ್ಷನ್ ಹಾಕುತ್ತಿಲ್ಲ. ಹೊಸನಗರ ತಾಲ್ಲೂಕಿನ ನಾಗೋಡಿಯ ಹೆಸರನ್ನು ಹೊತ್ತ ಒಂದು ಸಣ್ಣ ಮೀನಿದೆ, ಷಿಸ್ಟುರಾ ನಾಗೋಡಿಯೆನ್ಸಿಸ್ ಎಂದು. ಅದರ ಜೊತೆಗೇ ಷಿಸ್ಟುರಾ ಶರಾವತಿಯೆನ್ಸಿಸ್ ಎಂಬುದನ್ನೂ ವಿಜ್ಞಾನಿಗಳು 2006ರಲ್ಲಿ ಲೋಕಕ್ಕೆ ಪರಿಚಯಿಸಿದರು. ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಇನ್ನೊಂದು ಮೀನು ದಾಖಲೆಗೆ ಬಂದದ್ದು 2004ರಲ್ಲಿ. ಮೊನ್ನೆ ಮೊನ್ನೆ ಹೆಸರು ಪಡೆದ ಈ ಜೀವಗಳು ಶರಾವತಿಯ ಸೀಮೆಯವು. ಹೀಗೆ ಹೆಸರು ಪಡೆಯುವ ಮುಂಚೆಯೇ ಬಲೆಯೊಳಗೆ ಮುಗಿದುಹೋಗುವ ಮೀನೂ ಇದ್ದೀತು.

ಶರಾವತಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ಹಾಯ್ದು ಜೋಗದಲ್ಲಿ 830 ಅಡಿ ಧುಮುಕುವ ನದಿ ಇದು. ಜೋಗಕ್ಕಿಂತ ಕೆಳಗಿನ ಮೀನು ಎಷ್ಟೇ ಬಲವಾಗಿದ್ದರೂ ಆ ಗೋಡೆ ಹತ್ತಿ ಮೇಲೆ ಬರಲಾರದು. ಅದರ ಮೇಲೆ 1964ರಿಂದ ಲಿಂಗನಮಕ್ಕಿಯ ಕಟ್ಟೆಯೂ ಅಡ್ಡ ನಿಂತಿದೆ. ಬಯಲಿನ ನದಿಯ ಒಂದು ಭಾಗದಲ್ಲಿ ಮೀನು ತೀರಿದರೆ ಇನ್ನೊಂದು ಭಾಗದಿಂದ ಬಂದು ತುಂಬಿಕೊಳ್ಳಬಹುದು. ಮೇಲಿನ ಶರಾವತಿಗೆ ಕೆಳಗಿನಿಂದ ಆ ಸಹಾಯವಿಲ್ಲ, ಇರುವ ಮೀನಿನ ಮರಿಗಳೇ ಮುಂದಿನ ವರ್ಷದ ಮೀನು. ಅದೇ ಸಾಗರ ತಾಲ್ಲೂಕಿನಲ್ಲಿ, ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬೆನ್ನು ತಿರುಗಿಸಿಕೊಂಡು ಬನವಾಸಿಯತ್ತ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರಿ ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತದೆ. ಒಂದೇ ಮಳೆ, ಒಂದೇ ತಾಲ್ಲೂಕು, ಎರಡು ಕಡಲು. ಈ ನೀರಿಗೆ ಇಲ್ಲಿ ಭಕ್ತಿಯ ಕೊರತೆಯಿಲ್ಲ. ವರದಹಳ್ಳಿಯ ಶ್ರೀಧರಾಶ್ರಮಕ್ಕೆ ಬಂದವರು ಗೋಮುಖದಿಂದ ಬೀಳುವ ಶ್ರೀಧರತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡು, ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯ ಮಠದ ಮುಂದೆ, ತುಂಗೆಯ ಮಡುವಿನಲ್ಲಿ ಮೀನುಗಳಿಗೆ ಜನ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಅಲ್ಲಿ ಗಾಳ ಹಾಕುವ ಮಾತಿಲ್ಲ. ಈ ದೇವರ ಮೀನುಗಳು ಉಳಿದುಕೊಂಡು ಬಂದದ್ದು ಕಾನೂನಿಗಿಂತ ಹೆಚ್ಚಾಗಿ ಆ ಕೈಮುಗಿಯುವಿಕೆಯಿಂದ. ಆದರೆ ಮಡುವಿಗೆ ಕಟ್ಟಿದ ಕಾವಲು ಮಡುವಿನಷ್ಟೇ ಅಗಲ. ಮಳೆ ಬಂದಾಗ ಮೀನು ಮೊಟ್ಟೆಯಿಡಲು ಮಡು ಬಿಟ್ಟು ಮೇಲಿನ ಹಳ್ಳಗಳಿಗೆ ಹೊರಡುತ್ತದೆ, ಅಲ್ಲಿ ಅದು ಯಾವ ದೇವರಿಗೂ ಸೇರಿದ್ದಲ್ಲ. ನಮಗೀಗ ಬೇಕಾದದ್ದು ಜಾಗದ ಕಾವಲಿನ ಜೊತೆಗೆ ಕಾಲದ ಕಾವಲು.

ಅದಕ್ಕೆ ಕಾನೂನು ಸಾಕಲ್ಲವೇ ಎಂದರೆ, ಸಾಲದು. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದು 1897ರ ಕಾಯ್ದೆಯಿಂದಲೇ ಅಪರಾಧ. ಒಳನಾಡು ಮೀನುಗಾರಿಕೆಗೆಂದು ಕರ್ನಾಟಕದ್ದೇ 1996ರ ಕಾಯ್ದೆಯೂ ಇದೆ. ಆದರೆ ನಡುರಾತ್ರಿ, ಸುರಿಯುವ ಮಳೆಯಲ್ಲಿ, ಪ್ರತಿ ಗದ್ದೆಯಂಚಿನಲ್ಲೂ ಒಬ್ಬ ಅಧಿಕಾರಿಯನ್ನು ನಿಲ್ಲಿಸುವ ಸರ್ಕಾರ ಜಗತ್ತಿನಲ್ಲೇ ಇಲ್ಲ. ಇದು ಊರಿನವರೇ ಊರಿಗೆ ಹಾಕಿಕೊಳ್ಳಬೇಕಾದ ಕಟ್ಟು. ಅಂಥ ಕಟ್ಟಿಗೆ ಮಲೆನಾಡಿನಲ್ಲಿ ಹೊರಗಿನ ಮಾದರಿ ಬೇಕಿಲ್ಲ. ಆಶ್ವೀಜದ ಹುಣ್ಣಿಮೆಗೆ, ನಾವು ಭೂಮಿ ಹುಣ್ಣಿಮೆ ಎನ್ನುವ ಸೀಗೆ ಹುಣ್ಣಿಮೆಗೆ, ಭತ್ತದ ಪೈರು ಹೊಡೆ ತುಂಬಿ ನಿಂತಿರುತ್ತದೆ. ಆಗ ಭೂಮಿ ಬಸುರಿ. ಸಾಗರ ಸೀಮೆಯ ದೀವರ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಎಳೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಎದ್ದಿದ್ದು ಬಗೆಬಗೆಯ ಅಡುಗೆ ಮಾಡಿ, ಬೆಳಗಿನ ಜಾವ ಆ ಬುಟ್ಟಿಯಲ್ಲಿ ಗದ್ದೆಗೆ ಹೊತ್ತೊಯ್ದು, ಬಸುರಿಗೆ ಬಯಕೆ ಬಡಿಸಿದಂತೆ ಪೈರಿಗೆ ಬಡಿಸುತ್ತಾರೆ. ಹೊಡೆ ತುಂಬಿದ ಪೈರಿಗೆ ಸೀಮಂತ ಮಾಡುವಷ್ಟು ಸೂಕ್ಷ್ಮವಾದ ಮನಸ್ಸು ಅದು. ನಾಲ್ಕು ತಿಂಗಳ ಹಿಂದೆ ಅದೇ ಗದ್ದೆಗೆ, ಅದೇ ಅಂಚನ್ನು ಹತ್ತಿ, ಹೊಟ್ಟೆ ತುಂಬ ತತ್ತಿ ಹೊತ್ತು ಬಂದವಳನ್ನು ಕತ್ತಿಯಿಂದ ಕಡಿಯುವುದು ಆ ಮನಸ್ಸಿಗೆ ಹೊಂದುವ ಕೆಲಸವಲ್ಲ. ಬಸುರಿ ಪೈರನ್ನು ಗುರುತಿಸಿದವರಿಗೆ ಬಸುರಿ ಮೀನನ್ನು ಗುರುತಿಸಲು ಯಾವ ಸರ್ಕಾರಿ ಸುತ್ತೋಲೆಯೂ ಬೇಡ.

ಮೀನು ತಿನ್ನದವರು ಈ ಮಾತು ಹೇಳುವುದು ಸುಲಭ ಎಂಬ ಸಿಟ್ಟಿನ ಮಾತೂ ಬರುತ್ತದೆ. ವರದಹಳ್ಳಿಯ ಸುತ್ತ ಮೀನು ಮುಟ್ಟದ ಮನೆಗಳು ಬೇಕಾದಷ್ಟಿವೆ, ಆದ್ದರಿಂದ ಆ ಸಿಟ್ಟಿಗೆ ಅರ್ಥವೂ ಇದೆ. ಮೀನು ತಿನ್ನಬೇಡಿ ಎಂದು ಹೇಳುವ ಉದ್ದೇಶ ಈ ಬರಹಕ್ಕಿಲ್ಲ. ಮುಂದಿನ ವರ್ಷವೂ, ಮೊಮ್ಮಕ್ಕಳ ಕಾಲದಲ್ಲೂ ತಿನ್ನಲು ಹಳ್ಳದ ಮೀನು ಇರಲಿ ಎಂಬುದೇ ಇದರ ಉದ್ದೇಶ. ರೋಡ್ ಐಲೆಂಡಿನಲ್ಲಿ ಎರಡು ತಿಂಗಳು ಗಾಳ ಎತ್ತಿಡುವವರೂ ಮಲ್ಪೆಯಲ್ಲಿ ದೋಣಿ ದಡಕ್ಕೆಳೆಯುವವರೂ ಮೀನು ತಿನ್ನುವವರೇ. ಬಡವರ ಒಂದು ಹೊತ್ತಿನ ಸಾರಿನ ಬಗ್ಗೆಯೂ ನನ್ನ ನಿಲುವು ಹೇಳಿಬಿಡುತ್ತೇನೆ. ಕರಾವಳಿಯ ನಿಷೇಧ ಸಾಂಪ್ರದಾಯಿಕ ನಾಡದೋಣಿಗೆ ವಿನಾಯಿತಿ ಕೊಡುತ್ತದೆ. ಹಾಗೆಯೇ ತನ್ನ ಗದ್ದೆಯ ಬಾಯಿಗೆ ತನ್ನ ಮನೆಯ ಊಟಕ್ಕೆಂದು ಒಂದು ಕೂಣಿ ಇಡುವ ಮನೆಯೊಡನೆ ನನ್ನ ತಕರಾರು ಬಹಳ ಸಣ್ಣದು: ಮೊದಲ ಏರಿನ ಮೂರು ನಾಲ್ಕು ರಾತ್ರಿ ಕೂಣಿಯನ್ನು ಎತ್ತಿಡಿ, ಹತ್ತುವ ಮೀನು ಹತ್ತಲಿ. ದೊಡ್ಡ ತಕರಾರಿರುವುದು ದೂರದಿಂದ ಗುಂಪು ಕಟ್ಟಿಕೊಂಡು ಮೋಜಿಗೆ ಬರುವ ಕತ್ತಿ, ಬಲೆ, ಬ್ಯಾಟರಿಯವರೊಡನೆ. ಅವರ ಮನೆಯಲ್ಲಿ ಒಲೆ ಆರಿಲ್ಲ.

ಕಾದರೆ ಸಿಗುವುದೂ ಕಡಿಮೆಯೇನಲ್ಲ. ದೀಪಾವಳಿಯ ಹೊತ್ತಿಗೆ ಮಳೆ ಹಿಂದಾಗಿ ಹಳ್ಳದ ನೀರು ತಿಳಿಯಾಗುತ್ತದೆ, ತಳದ ಕಲ್ಲು ಕಾಣುತ್ತದೆ. ಒಳ್ಳೆಯ ಮಳೆಯ ವರ್ಷವಾದರೆ ಶರಾವತಿಯ ಹಿನ್ನೀರು ದಂಡೆಯ ಕಾಡಿನವರೆಗೆ ತುಂಬಿ ನಿಂತಿರುತ್ತದೆ. ಮೊಟ್ಟೆಯಿಟ್ಟು ಸೊರಗಿದ್ದ ಮೀನು ಮಳೆಗಾಲವಿಡೀ ತಿಂದು ಮೈತುಂಬಿಕೊಂಡಿರುತ್ತದೆ. ಜೂನ್ ತಿಂಗಳ ಕಷ್ಟದ ಏರಿನಲ್ಲಿ ಸಿಕ್ಕಿದ್ದಕ್ಕಿಂತ ಆಗ ಸಿಗುವ ಮೀನು ರುಚಿಯಲ್ಲೂ ಮೇಲು. ತೆಪ್ಪದಲ್ಲಿ ಕೂತು, ಎರೆಹುಳು ಸಿಕ್ಕಿಸಿ ಗಾಳ ಬಿಟ್ಟರೆ ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶವಿರುತ್ತದೆ, ಹಿಡಿದವರಿಗೂ ಹಿಡಿದೆನೆಂಬ ನಿಜವಾದ ತೃಪ್ತಿ ಸಿಗುತ್ತದೆ. ಅಂಗೈಯಷ್ಟು ಅಗಲವಿಲ್ಲದ ಮರಿ ಬಂದರೆ ಬಿಡಿಸಿ ನೀರಿಗೆ ಹಾಕಬಹುದು. ಗಾಳದ ಮೀನಿಗೆ ಆ ಅವಕಾಶ ಉಂಟು, ಕರೆಂಟಿನ ಮೀನಿಗೆ ಇಲ್ಲ. ಗದ್ದೆಯ ನೀರು ಬಸಿಯುವಾಗ ಇಳಿಯುವ ಮೀನಿಗೆ ಕೂಣಿ ಇಡುವವರು ಬಿದಿರು ಸೀಳುಗಳ ನಡುವೆ ಒಂದು ಬೆರಳು ಸಂದು ಬಿಟ್ಟು ಕಟ್ಟಲಿ. ಆ ಸಂದಿನಿಂದ ನುಸುಳಿ ಹೋದ ಮರಿಗಳು ಮುಂದೊಂದು ಮಳೆಗೆ ಹತ್ತುಮೀನಾಗಿ ತಿರುಗಿ ಬರುತ್ತವೆ.

ಕರಾವಳಿಯ ಆ 61 ದಿನಗಳನ್ನು ನಮ್ಮ ಮಳೆ ನಕ್ಷತ್ರಗಳಲ್ಲಿ ಎಣಿಸಿದರೆ ರೋಹಿಣಿಯ ಕೊನೆಯ ವಾರದಿಂದ ಪುಷ್ಯದ ಕೊನೆಯ ದಿನಗಳವರೆಗೆ ಬರುತ್ತದೆ. ಅಷ್ಟು ದಿನ ಹಳ್ಳವನ್ನೂ ಗದ್ದೆಯನ್ನೂ ಮೀನಿಗೆ ಬಿಟ್ಟುಕೊಡೋಣ. ಮೃಗಶಿರ ಹುಟ್ಟುವುದು ಜೂನ್ 8ರ ಸುಮಾರಿಗೆ. ಆಮೇಲೆ ಮಳೆ ಕುಂಭದ್ರೋಣವಾಗಿ ಹಿಡಿದ ಮೊದಲ ರಾತ್ರಿ ಟಾರ್ಚು ಹಿಡಿದು ಗದ್ದೆಗೆ ಹೊರಡುವವರಲ್ಲಿ ನನ್ನದೊಂದು ಕೋರಿಕೆ: ಹೋಗಿ, ಬೇಕಾದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಕತ್ತಿಯನ್ನು ಮನೆಯಲ್ಲೇ ಬಿಟ್ಟು, ಅಂಚಿನ ಮೇಲೆ ನಿಂತು, ಮೀನು ಹತ್ತುವುದನ್ನು ನೋಡಿ ಬನ್ನಿ.